ಶ್ರಿಂಕ್ ಸ್ಲೀವ್ ಲೇಬಲ್ ಕೈಕೊಟ್ಟಾಗ: ಬಾಟಲಿಯಿಂದ ರೋಲಿನವರೆಗೆ ದೋಷ ಹುಡುಕುವ ಕ್ರಮ

ಕಾಸರಗೋಡಿನ ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಕಡೆಯ ಸಣ್ಣ ಘಟಕಗಳಲ್ಲಿ ತೆಂಗಿನೆಣ್ಣೆ, ಪುನರ್ಪುಳಿ ಶರಬತ್ತು, ಸೋಡಾ, ಜೇನು ತುಂಬಿಸುವವರು ಶ್ರಿಂಕ್ ಸ್ಲೀವ್ ಲೇಬಲಿನ (ಬಾಟಲಿಗೆ ತೊಡಿಸಿ ಬಿಸಿ ಮಾಡಿದರೆ ಕುಗ್ಗಿ ಮೈಗೆ ಕೂರುವ ಪ್ಲಾಸ್ಟಿಕ್ ಕೊಳವೆ) ಬಗ್ಗೆ ಹೇಳುವ ದೂರು ಬಹುಮಟ್ಟಿಗೆ ಒಂದೇ: "ಟನೆಲ್ ಸರಿಯಿಲ್ಲ." ಲೇಬಲನ್ನು ಬಿಸಿಯಲ್ಲಿ ಕುಗ್ಗಿಸುವ ಸುರಂಗದಂತಹ ಯಂತ್ರ ಅದು. ಲೇಬಲ್ ಸುಕ್ಕಾದರೆ ಟನೆಲ್, ಸೀಮ್ (ಅಂಚುಗಳು ಕೂಡುವ ಗೆರೆ) ಬಿಟ್ಟರೆ ಟನೆಲ್, ಓರೆಯಾದರೂ ಟನೆಲ್. ಲೇಬಲ್ ಕೆಟ್ಟದ್ದು ಕಣ್ಣಿಗೆ ಬೀಳುವುದು ಅಲ್ಲಿ, ನಿಜ. ಆದರೆ ಅದು ಕೆಟ್ಟಿರುವುದು ಹೆಚ್ಚಿನ ಸಲ ಅದಕ್ಕಿಂತ ಹಿಂದೆ: ಫಿಲ್ಮ್ ಅನ್ನು ಕೊಳವೆಯಾಗಿ ಅಂಟಿಸುವ ಸೀಮಿಂಗ್ ಯಂತ್ರದಲ್ಲಿ, ಕತ್ತರಿಸುವ ಬ್ಲೇಡಿನಲ್ಲಿ, ಇಲ್ಲವೇ ರೋಲುಗಳನ್ನು ಪೇರಿಸಿಟ್ಟ ತಗಡಿನ ಮಾಡಿನ ಕೋಣೆಯಲ್ಲಿ. ಅದಕ್ಕೇ ಈ ಕೈಪಿಡಿ ಬಾಟಲಿಯ ಮೇಲೆ ಕಾಣುವ ಲಕ್ಷಣದಿಂದ ಹೊರಟು ಹಿಂದಕ್ಕೆ ಹೋಗುತ್ತದೆ. ಬರೇ ಟನೆಲ್ ಇಟ್ಟುಕೊಂಡು ಸ್ಲೀವನ್ನು ಹೊರಗಿನಿಂದ ತರಿಸುವವರೂ ಸೀಮಿಂಗ್ ಭಾಗವನ್ನು ಓದಲಿ. ಸರಬರಾಜುದಾರನ ಜೊತೆ ವಾದಿಸಲು ಅದು ಬೇಕಾಗುತ್ತದೆ.

ಯಾವುದನ್ನೂ ಬಿಚ್ಚುವ ಮೊದಲು

ಒಂದು ಉಕ್ಕಿನ ಸ್ಕೇಲು, ಒಂದು ಕೆಟಲ್, ಒಂದು ಅಡುಗೆಯ ಥರ್ಮಾಮೀಟರ್. ಅರ್ಧಕ್ಕರ್ಧ ದೋಷಗಳ ಜಾಡು ಹಿಡಿಯಲು ಇಷ್ಟು ಸಾಕು.

ಸ್ಕೇಲಿನಿಂದ ಸ್ಲೀವಿನ ಚಪ್ಪಟೆ ಅಗಲವನ್ನು ಅಳೆಯಿರಿ. ಎಷ್ಟಿರಬೇಕು ಎಂಬುದಕ್ಕೆ ಲೆಕ್ಕ ಸುಲಭ. ಬಾಟಲಿಯ ಅತಿ ದಪ್ಪ ಭಾಗದ ವ್ಯಾಸ 65 ಮಿ.ಮೀ. ಎಂದಿಟ್ಟುಕೊಳ್ಳಿ. ಸುತ್ತಳತೆ ಸುಮಾರು 204, ಅದರ ಅರ್ಧ 102. ಸ್ಲೀವ್ ಸಲೀಸಾಗಿ ಇಳಿಯಲು 2 ಮಿ.ಮೀ. ಸೇರಿಸಿದರೆ ಚಪ್ಪಟೆ ಅಗಲ 104. ಸೀಮಿಂಗಿಗೆ ಬರುವ ಫಿಲ್ಮಿನ ಅಗಲ ಇದರ ಎರಡರಷ್ಟು, ಮೇಲೆ ಅಂಚಿನ ಮೇಲೆ ಅಂಚು ಕೂರಲು 5 ಮಿ.ಮೀ. ಆಸುಪಾಸು, ಅಂದರೆ 213. ನಿಮ್ಮ ಬಾಟಲಿಗೆ ಈ ಲೆಕ್ಕವನ್ನು ಒಮ್ಮೆ ಮಾಡಿ ಯಂತ್ರದ ಪಕ್ಕದ ಗೋಡೆಗೆ ಅಂಟಿಸಿಡಿ.

ಕೆಟಲಿನ ಪರೀಕ್ಷೆ ಇನ್ನೂ ಉಪಯುಕ್ತ. ಫಿಲ್ಮಿನಿಂದ 100 ಮಿ.ಮೀ. ಚೌಕದ ತುಂಡು ಕತ್ತರಿಸಿ, ಅಗಲದ ದಿಕ್ಕನ್ನು ಪೆನ್ನಿನಿಂದ ಗುರುತಿಸಿ, 90 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ಸೆಕೆಂಡು ಇಕ್ಕಳದಿಂದ ಹಿಡಿದು ತೆಗೆಯಿರಿ. ಅಗಲ 100ರಿಂದ 45ಕ್ಕೆ ಇಳಿದರೆ ಆ ಫಿಲ್ಮ್ ಶೇ. 55 ಕುಗ್ಗಿತು ಎಂದರ್ಥ. ಒಳ್ಳೆಯ ರೋಲಿನದ್ದೂ ತಕರಾರಿನ ರೋಲಿನದ್ದೂ ಒಂದೊಂದು ತುಂಡನ್ನು ಒಟ್ಟಿಗೆ ಮುಳುಗಿಸಿ ನೋಡಿ. ಎರಡೂ ಬೇರೆ ಬೇರೆ ರೀತಿ ಕುಗ್ಗಿದರೆ ಟನೆಲಿನ ಗುಂಡಿಯನ್ನು ಮುಟ್ಟುವ ಅಗತ್ಯವೇ ಇಲ್ಲ, ಫಿಲ್ಮೇ ಬೇರೆ. ಯಂತ್ರ ಕೆಟ್ಟಿತೆಂದು ಮೊದಲು ತಾಪಮಾನದ ಗುಂಡಿ ತಿರುಗಿಸುವವರು ಎಲ್ಲ ಕಡೆ ಇದ್ದಾರೆ. ಅವರ ಕೈ ಕಟ್ಟಿಹಾಕಲು ಈ ಕೆಟಲ್ ಒಳ್ಳೆಯ ಸಾಧನ.

ಸಾಲ್ವೆಂಟ್ ಇರುವ ಕೋಣೆಗೆ ಹೋಗುವ ಮುನ್ನ

ಸೀಮಿಂಗಿನಲ್ಲಿ ಬಳಸುವುದು ಅಂಟಲ್ಲ, ಸಾಲ್ವೆಂಟ್. ಫಿಲ್ಮಿನ ಮೈಯನ್ನು ಅರೆ ಕರಗಿಸಿ ಎರಡು ಅಂಚುಗಳನ್ನು ಒಂದಾಗಿಸುವ ದ್ರವ. ಪಿವಿಸಿ ಫಿಲ್ಮಿಗೆ ಸಾಮಾನ್ಯವಾಗಿ ಟೆಟ್ರಾಹೈಡ್ರೊಫ್ಯುರಾನ್, ಅಂದರೆ ಟಿಎಚ್‌ಎಫ್. ಪಾಲಿಯೆಸ್ಟರ್ ಜಾತಿಯ ಫಿಲ್ಮಾದ ಪಿಇಟಿಜಿಗೆ ಹೆಚ್ಚಾಗಿ ಡೈಆಕ್ಸೊಲೇನ್ ಇರುವ ಮಿಶ್ರಣ. ಟಿಎಚ್‌ಎಫ್ 66 ಡಿಗ್ರಿಯಲ್ಲಿ ಕುದಿಯುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದರ ಆವಿ ಯಾವಾಗಲೂ ಸಿದ್ಧವಾಗಿಯೇ ಇರುತ್ತದೆ. ಆವಿ ಗಾಳಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ, ನೆಲದ ಮೇಲೆ ಹರಿದು ಹೋಗಿ ದೂರದ ಕಿಡಿಯನ್ನು ಹುಡುಕಿಕೊಳ್ಳುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಮಾಡಿನ ಹತ್ತಿರ ಮಾತ್ರ ಇಟ್ಟರೆ ಪ್ರಯೋಜನವಿಲ್ಲ, ಕೆಳಗಿನಿಂದಲೂ ಗಾಳಿ ಎಳೆಯಬೇಕು. ಫ್ಯಾನಿನ ಮೋಟರು ಕಿಡಿ ನಿರೋಧಕ ಆಗಿರಬೇಕು. ಮನೆಯ ಅಡುಗೆಕೋಣೆಯ ಫ್ಯಾನು ಇಲ್ಲಿ ಬೆಂಕಿಕಡ್ಡಿಗೆ ಸಮ.

ಕೈಗವಸಿನ ವಿಷಯದಲ್ಲೂ ಮೋಸ ಹೋಗಬೇಡಿ. ಅಂಗಡಿಯಲ್ಲಿ ಸಿಗುವ ತೆಳು ನೈಟ್ರೈಲ್ ಕೈಗವಸು ಟಿಎಚ್‌ಎಫ್ ಅನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ. ಚಿಮ್ಮಿದರೆ ತಕ್ಷಣ ತೆಗೆದು ಬಿಸಾಡಬೇಕು. ಕೈಗೆ ಮೆತ್ತಿದ ಶಾಯಿಯನ್ನು ಸಾಲ್ವೆಂಟಿನಲ್ಲಿ ತೊಳೆಯುವ ಚಾಳಿ ಇದ್ದರೆ ಇವತ್ತೇ ಬಿಡಿ.

ಇನ್ನೊಂದು ಅಪಾಯ ಹೆಚ್ಚಿನವರಿಗೆ ಗೊತ್ತಿಲ್ಲ. ಮುಚ್ಚಳ ತೆರೆದು ಗಾಳಿ ತಾಗಿದ ಟಿಎಚ್‌ಎಫ್ ಕಾಲಕ್ರಮದಲ್ಲಿ ಪೆರಾಕ್ಸೈಡ್ ಆಗುತ್ತದೆ, ಅದು ಸ್ಫೋಟಿಸಬಲ್ಲ ವಸ್ತು. ಹಳೆಯ ಕ್ಯಾನಿನ ಮುಚ್ಚಳದ ಸುತ್ತ ಹರಳಿನಂತಹ ಬಿಳಿ ಪದಾರ್ಥ ಕಂಡರೆ ಮುಚ್ಚಳ ತಿರುಗಿಸಬೇಡಿ, ಅಲುಗಾಡಿಸಬೇಡಿ, ಜನರನ್ನು ದೂರ ಕಳುಹಿಸಿ ಅಗ್ನಿಶಾಮಕ ದಳಕ್ಕೆ ತಿಳಿಸಿ. ಇದು ಕೈಪಿಡಿ ನೋಡಿ ಮಾಡುವ ಕೆಲಸವಲ್ಲ.

ಲಕ್ಷಣ: ಸೀಮ್ ಬಿಟ್ಟುಕೊಳ್ಳುತ್ತಿದೆ

ಮೊದಲು ಎಲ್ಲಿ ಬಿಡುತ್ತದೆ ಎಂದು ನೋಡಿ. ಕೈಯಲ್ಲಿ ಎಳೆದರೇ ಬಿಡುತ್ತದೋ, ಟನೆಲಿನ ಬಿಸಿಯಲ್ಲಿ ಮಾತ್ರವೋ? ಉದ್ದಕ್ಕೂ ಬಿಡುತ್ತದೋ, ಅಲ್ಲಲ್ಲಿ ಬೊಟ್ಟು ಬೊಟ್ಟಾಗಿಯೋ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಎಳೆದು ನೋಡುವುದಕ್ಕೂ ಒಂದು ಕ್ರಮವಿದೆ. ಯಂತ್ರದಿಂದ ಆಗಷ್ಟೇ ಬಂದ ಸೀಮ್ ಹಸಿ. ಅದನ್ನು ಎಳೆದು ತೀರ್ಪು ಕೊಡಬೇಡಿ. ಸಾಲ್ವೆಂಟ್ ಆರಲು ಬಿಟ್ಟು, ಸ್ಲೀವಿನ 25 ಮಿ.ಮೀ. ಉದ್ದದ ಉಂಗುರ ಕತ್ತರಿಸಿ, ಸೀಮಿನ ಎರಡೂ ಬದಿಯನ್ನು ಹೆಬ್ಬೆರಳು ತೋರುಬೆರಳುಗಳಿಂದ ಹಿಡಿದು ಎಳೆಯಿರಿ. ಒಳ್ಳೆಯ ಸೀಮ್ ಬಿಡುವುದಿಲ್ಲ, ಪಕ್ಕದ ಫಿಲ್ಮೇ ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಸಿಪ್ಪೆ ಸುಲಿದಂತೆ ಎರಡು ಅಂಚು ಬೇರೆಯಾದರೆ ಬೆಸುಗೆ ಆಗಿಲ್ಲ. ಬೇರೆಯಾದ ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನುಣುಪಾಗಿ ಹೊಳೆಯುತ್ತಿದ್ದರೆ ಅಲ್ಲಿಗೆ ಸಾಲ್ವೆಂಟ್ ತಲುಪಿಯೇ ಇಲ್ಲ. ಮಂಜು ಮಂಜಾಗಿ, ಉಗುರಿಗೆ ತರಿಯಾಗಿ ತಾಗಿದರೆ ಸಾಲ್ವೆಂಟ್ ಬಿದ್ದಿದೆ, ಆದರೆ ಒತ್ತಡ ಅಥವಾ ಸಮಯ ಸಾಲದೆ ಹೋಗಿದೆ. ಶಾಯಿಯ ಪದರ ಒಂದು ಬದಿಯಿಂದ ಕಿತ್ತು ಇನ್ನೊಂದು ಬದಿಗೆ ಅಂಟಿದ್ದರೆ ತಪ್ಪು ಮುದ್ರಣದ್ದು: ಸೀಮ್ ಬೀಳುವ ಅಂಚನ್ನು ಶಾಯಿಯಿಲ್ಲದೆ ಖಾಲಿ ಬಿಡಬೇಕಿತ್ತು. ಬಿಟ್ಟಿದ್ದರೂ ಫಿಲ್ಮ್ ಪಕ್ಕಕ್ಕೆ ಸರಿದು ಸಾಲ್ವೆಂಟ್ ಗೆರೆ ಶಾಯಿಯ ಮೇಲೆ ಬಿದ್ದಿರಬಹುದು.

ಈಗ ಅಗ್ಗದ ತಪಾಸಣೆಗಳು. ಸಾಲ್ವೆಂಟ್ ಪಾತ್ರೆಯಲ್ಲಿ ದ್ರವ ಇದೆಯೇ, ಕೊಳವೆಯಲ್ಲಿ ಗಾಳಿಯ ಗುಳ್ಳೆ ಸೇರಿದೆಯೇ ನೋಡಿ. ಬೊಟ್ಟು ಬೊಟ್ಟಾಗಿ ಬಿಡುವ ಸೀಮಿಗೆ ಗುಳ್ಳೆಯೇ ಬಹುತೇಕ ಕಾರಣ. ಸೂಜಿಯ ಅಥವಾ ಫೆಲ್ಟ್ ತುದಿಯ ಬಾಯಿ ಕಟ್ಟಿದೆಯೇ ಎಂಬುದನ್ನು ಯಂತ್ರ ನಿಲ್ಲಿಸಿ, ಮುಖ್ಯ ಸ್ವಿಚ್ ಆರಿಸಿ ನೋಡಬೇಕು. ಕರಗಿದ ಪ್ಲಾಸ್ಟಿಕ್ ಅಲ್ಲೇ ಗಟ್ಟಿಯಾಗಿ ಕುಳಿತಿರುತ್ತದೆ. ಗೆರೆ 2ರಿಂದ 4 ಮಿ.ಮೀ. ಅಗಲವಾಗಿ, ಎಲ್ಲೂ ತುಂಡಾಗದೆ ಬೀಳಬೇಕು. ಆಮೇಲೆ ಒತ್ತುವ ರೋಲರ್. ರಬ್ಬರಿನ ಮೇಲೆ ಒಂದೇ ಕಡೆ ಕಚ್ಚು ಬಿದ್ದಿದ್ದರೆ ರೋಲರಿನ ಒಂದೊಂದು ಸುತ್ತಿಗೂ ಒಂದು ದುರ್ಬಲ ಜಾಗ ಹುಟ್ಟುತ್ತದೆ. ಸೀಮ್ ಬಿಟ್ಟ ಎರಡು ಜಾಗಗಳ ನಡುವಿನ ದೂರವನ್ನು ಅಳೆದು ರೋಲರಿನ ಸುತ್ತಳತೆಗೆ ಹೋಲಿಸಿ. ಸರಿಹೊಂದಿದರೆ ಕಳ್ಳ ಸಿಕ್ಕಿದ.

ಇದೆಲ್ಲ ಸರಿಯಿದ್ದೂ ಜೂನ್ ಕಳೆದ ಮೇಲೆ ಸೀಮ್ ಬಿಡಲು ಶುರುವಾಯಿತೇ? ಕಾಸರಗೋಡಿನ ಮಳೆಗಾಲ ಸೀಮಿಂಗಿಗೆ ಶತ್ರು. ಟಿಎಚ್‌ಎಫ್ ನೀರಿನೊಂದಿಗೆ ಸುಲಭವಾಗಿ ಬೆರೆಯುತ್ತದೆ, ತೆರೆದಿಟ್ಟ ಕ್ಯಾನು ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ನೀರು ಸೇರಿದ ಸಾಲ್ವೆಂಟ್ ಫಿಲ್ಮನ್ನು ಸರಿಯಾಗಿ ಕರಗಿಸುವುದಿಲ್ಲ. ಅದರ ಮೇಲೆ, ಸಾಲ್ವೆಂಟ್ ಬೇಗ ಆರುವಾಗ ಫಿಲ್ಮಿನ ಮೈ ತಣ್ಣಗಾಗಿ ಅಲ್ಲಿ ಇಬ್ಬನಿ ಕೂತು ಸೀಮಿನ ಗುಂಟ ಬಿಳಿ ಗೆರೆ ಮೂಡುತ್ತದೆ. ಬಿಳಿ ಗೆರೆಯೂ ಸಡಿಲ ಸೀಮೂ ಜೊತೆಯಾಗಿ ಬಂದರೆ ಯಂತ್ರವನ್ನು ಬಿಚ್ಚಬೇಡಿ. ಸೀಲ್ ಒಡೆಯದ ಹೊಸ ಕ್ಯಾನಿನಿಂದ ಸಾಲ್ವೆಂಟ್ ತುಂಬಿ, ಕೋಣೆಯ ತೇವ ಇಳಿಸಿ ಮತ್ತೆ ಓಡಿಸಿ ನೋಡಿ. ತೇವ ಇಳಿಸಲೆಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿ ಎಕ್ಸಾಸ್ಟನ್ನೂ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಿದರೆ ತೇವದ ಜಾಗದಲ್ಲಿ ಸಾಲ್ವೆಂಟ್ ಆವಿ ತುಂಬುತ್ತದೆ.

ಕೊನೆಯದಾಗಿ, ಫಿಲ್ಮೂ ಸಾಲ್ವೆಂಟೂ ಜೋಡಿಯೇ ಎಂಬ ಪ್ರಶ್ನೆ. ಹೊಸ ಸರಬರಾಜುದಾರ ಪಿವಿಸಿ ಬದಲು ಪಿಇಟಿಜಿ ಕಳುಹಿಸಿ ನೀವು ಹಳೆಯ ಸಾಲ್ವೆಂಟನ್ನೇ ಬಳಸುತ್ತಿದ್ದರೆ ಎಷ್ಟು ಹೊಂದಿಸಿದರೂ ಫಲವಿಲ್ಲ. ಸಂಶಯವಿದ್ದರೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಫಿಲ್ಮಿಗೆ ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಇದನ್ನು ಘಟಕದ ಹೊರಗೆ, ಬಯಲಿನಲ್ಲಿ, ಕಾಳಿನಷ್ಟು ಚೂರಿನಲ್ಲಿ ಮಾತ್ರ ಮಾಡಿ. ಪಿವಿಸಿ ಹೊಗೆಯಲ್ಲಿ ಹೈಡ್ರೊಕ್ಲೋರಿಕ್ ಆಮ್ಲದ ಆವಿ ಇರುತ್ತದೆ. ಸಾಲ್ವೆಂಟ್ ಕೋಣೆಯ ಹತ್ತಿರ ಅಂತೂ ಬೇಡವೇ ಬೇಡ.

ಲಕ್ಷಣ: ಸ್ಲೀವ್ ಬಾಯಿ ಬಿಡುತ್ತಿಲ್ಲ, ಒಳಗೇ ಅಂಟಿಕೊಂಡಿದೆ

ಇದು ಮೇಲಿನದರ ತದ್ವಿರುದ್ಧ, ಮತ್ತು ಅನೇಕ ಸಲ ಮೇಲಿನದಕ್ಕೆ ಮಾಡಿದ ಔಷಧದಿಂದಲೇ ಬರುವ ರೋಗ. ಸೀಮ್ ಬಿಡುತ್ತಿದೆ ಎಂದು ಸಾಲ್ವೆಂಟ್ ಹೆಚ್ಚಿಸಿದಾಗ ಹೆಚ್ಚಾದದ್ದು ಅಂಚಿನಿಂದ ಹೊರಗೆ ಚಿಮ್ಮಿ ಕೊಳವೆಯ ಎದುರು ಗೋಡೆಗೂ ಅಂಟುತ್ತದೆ. ಬೆರಳಿನಿಂದ ಸ್ಲೀವಿನ ಬಾಯಿ ಬಿಡಿಸಿದಾಗ ಚಟ್ ಎಂದು ಸಣ್ಣ ಸದ್ದು ಬಂದು, ಒಳಗೆ ಸೀಮಿನ ನೇರಕ್ಕೆ ಮಸುಕು ಗೆರೆ ಕಂಡರೆ ಇದೇ.

ಸಾಲ್ವೆಂಟ್ ಹರಿವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತಾ ಬನ್ನಿ, ಪ್ರತಿ ಸಲ ಎಳೆತದ ಪರೀಕ್ಷೆ ಮಾಡಿ. ಯಂತ್ರದ ವೇಗ ಇಳಿಸಿ ಹರಿವನ್ನು ಹಾಗೆಯೇ ಬಿಟ್ಟಿದ್ದೀರಾ ಎಂದೂ ನೋಡಿ. ವೇಗ ಅರ್ಧವಾದರೆ ಒಂದು ಮೀಟರಿಗೆ ಬೀಳುವ ಸಾಲ್ವೆಂಟ್ ದುಪ್ಪಟ್ಟು. ಹಳೆಯ ಯಂತ್ರಗಳಲ್ಲಿ ಇವೆರಡಕ್ಕೂ ಪರಸ್ಪರ ಸಂಬಂಧ ಇರುವುದಿಲ್ಲ, ಕೈಯಿಂದಲೇ ಹೊಂದಿಸಬೇಕು. ಸುತ್ತುವ ಕಡೆಯ ಎಳೆತ ಅತಿಯಾಗಿದ್ದರೂ ಹಸಿ ಸೀಮುಗಳು ಒಂದರ ಮೇಲೊಂದು ಒತ್ತಿಕೊಂಡು ಅಂಟುತ್ತವೆ. ರೋಲಿನ ಹೊರಪದರ ಚೆನ್ನಾಗಿದ್ದು ತಿರುಳಿನ (ನಡುವಿನ ಕೊಳವೆಯ) ಕಡೆ ಅಂಟಿದ್ದರೆ ಅದು ಎಳೆತದ ತಪ್ಪು.

ಲಕ್ಷಣ: ಸ್ಲೀವ್ ಬಾಟಲಿಗೆ ಇಳಿಯುತ್ತಿಲ್ಲ, ಅಥವಾ ಜೋಲಾಡುತ್ತಿದೆ

ಸ್ಕೇಲು ತೆಗೆಯಿರಿ. ರೋಲಿನ ಹೊರಗೆ, ನಡುವೆ, ತಿರುಳಿನ ಹತ್ತಿರ ಹೀಗೆ ಮೂರು ಕಡೆ ಚಪ್ಪಟೆ ಅಗಲ ಅಳೆದು ಬರೆದಿಡಿ.

ಮೂರೂ ಒಂದೇ ಸಮ, ಆದರೆ ಎಲ್ಲವೂ ಕಡಿಮೆ ಎಂದಾದರೆ ಸಂಶಯ ಗೋದಾಮಿನ ಮೇಲೆ. ಶ್ರಿಂಕ್ ಫಿಲ್ಮ್ ಕುಗ್ಗುವುದಕ್ಕೆಂದೇ ಹುಟ್ಟಿದ್ದು, ಟನೆಲ್ ಬರುವ ತನಕ ಕಾಯುವ ವ್ಯವಧಾನ ಅದಕ್ಕಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ, ಅದೂ ಅಟ್ಟದ ಮೇಲೆ ಇಟ್ಟ ರೋಲು ಕೂತಲ್ಲೇ ನಿಧಾನವಾಗಿ ಕುಗ್ಗುತ್ತದೆ. ನೂರಕ್ಕೆ ಒಂದರಷ್ಟು ಕುಗ್ಗಿದರೂ 104 ಮಿ.ಮೀ. ಅಗಲದಲ್ಲಿ 1 ಮಿ.ಮೀ. ಹೋಯಿತು, ನೀವು ಬಿಟ್ಟುಕೊಂಡಿದ್ದ ಸಲೀಸಿನ ಅರ್ಧ ಅಲ್ಲಿಗೆ ಮುಗಿಯಿತು. ಅಂಚುಗಳು ಅಲೆಯಲೆಯಾಗಿದ್ದರೆ ಅನುಮಾನವೇ ಬೇಡ. ಆ ರೋಲನ್ನು ಸರಿಪಡಿಸುವ ಉಪಾಯ ಇಲ್ಲ. ಮುಂದಿನ ರೋಲುಗಳನ್ನು 30 ಡಿಗ್ರಿಯೊಳಗೆ, ನೆಲಮಟ್ಟದಲ್ಲಿ, ಬಿಸಿಲು ಬೀಳದ ಗೋಡೆಯ ಕಡೆ ಇಡಿ. ಕೆಂಪು ಕಲ್ಲಿನ ಹಳೆಯ ಅಡಿಕೆ ಕೊಟ್ಟಿಗೆಯೊಂದು ಖಾಲಿ ಇದ್ದರೆ ಹೊಸ ತಗಡಿನ ಶೆಡ್ಡಿಗಿಂತ ಅದೇ ಮೇಲು, ಇಲಿಯ ಕಾಟ ಒಂದನ್ನು ಬಿಟ್ಟರೆ. ಸಾಗಣೆಯ ಲಾರಿಯಲ್ಲೂ ಹೀಗೆ ಆಗಿರಬಹುದು, ಅದಕ್ಕೇ ರೋಲು ಬಂದ ದಿನವೇ ಅಳೆದು ತಿರುಳಿನ ಒಳಗೆ ಬರೆಯಿರಿ. ಆಮೇಲೆ ಸರಬರಾಜುದಾರ "ನಿಮ್ಮಲ್ಲಿ ಕೆಟ್ಟದ್ದು" ಎಂದರೆ ತೋರಿಸಲು ಏನಾದರೂ ಇರುತ್ತದೆ.

ಮೂರು ಕಡೆಯ ಅಳತೆಯೂ ಬೇರೆ ಬೇರೆ ಬಂದರೆ ತಪ್ಪು ಸೀಮಿಂಗಿನದು. ಫಿಲ್ಮನ್ನು ಮಡಚುವ ತಟ್ಟೆಯ ಸ್ಕ್ರೂ ಸಡಿಲವಾಗಿದೆಯೇ, ಅಂಚು ಹಿಡಿಯುವ ಸಂವೇದಕದ ಮೇಲೆ ಧೂಳು ಕೂತಿದೆಯೇ ನೋಡಿ. ಒಣಬಟ್ಟೆಯಿಂದ ಸಂವೇದಕವನ್ನು ಒರೆಸಿದರೇ ಸರಿಹೋಗುವ ಪ್ರಕರಣಗಳು ನಾಚಿಕೆಯಾಗುವಷ್ಟು ಇವೆ. ತಟ್ಟೆಯನ್ನು ಹೊಂದಿಸುವಾಗ ಯಂತ್ರ ನಿಂತಿರಲಿ. ಓಡುವ ರೋಲರಿನ ಹತ್ತಿರ ಮುಂಡಿನ ಅಂಚು, ಚೂಡಿದಾರದ ಶಾಲು, ಕೊರಳಿನ ಗುರುತುಚೀಟಿಯ ದಾರ ಯಾವುದೂ ನೇತಾಡಬಾರದು.

ರೋಲು ಪಕ್ಕಕ್ಕೆ ಜಾರಿ ಕೊಳವೆಯಂತೆ ಉಬ್ಬಿ ಬರುವುದು, ಸೀಮಿನ ಜಾಗ ಮಾತ್ರ ಏಣಾಗಿ ನಿಲ್ಲುವುದು, ಇವು ಸುತ್ತುವ ಭಾಗದ ಲಕ್ಷಣಗಳು. ಸೀಮ್ ಇರುವಲ್ಲಿ ದಪ್ಪ ಹೆಚ್ಚು, ಅದೇ ಗೆರೆಯಲ್ಲಿ ಸುತ್ತುತ್ತಾ ಹೋದರೆ ದಿಬ್ಬ ಏಳುವುದು ಸಹಜ. ಅದನ್ನು ತಪ್ಪಿಸಲು ಸುತ್ತುವ ಶಾಫ್ಟ್ ಆಚೀಚೆ ಓಲಾಡುವ ವ್ಯವಸ್ಥೆ ಇರುತ್ತದೆ. ಅದು ಓಲಾಡುತ್ತಿದೆಯೇ ಎಂದು ನಿಂತು ನೋಡಿ, ಅಷ್ಟೇ.

ಲಕ್ಷಣ: ಲೇಬಲಿನ ಉದ್ದ ಏರುಪೇರು, ಅಂಚು ಹರಿದಂತೆ

ಕತ್ತರಿಸುವ ಯಂತ್ರ ಮುದ್ರಿತ ಗುರುತನ್ನು ಬೆಳಕಿನ ಕಣ್ಣಿನಿಂದ ಓದಿ ಬ್ಲೇಡಿಗೆ ಆಜ್ಞೆ ಕೊಡುತ್ತದೆ. ಉದ್ದ ಪ್ರತಿ ಲೇಬಲಿಗೂ ಸ್ವಲ್ಪ ಸ್ವಲ್ಪ ತಪ್ಪುತ್ತಿದ್ದರೆ ಎಳೆಯುವ ರೋಲರು ಜಾರುತ್ತಿದೆ. ಸರಿಯಿದ್ದು ಒಮ್ಮೆಲೇ ನಡುವೆ ತುಂಡಾದರೆ ಕಣ್ಣು ಬೇರೆ ಯಾವುದನ್ನೋ ಗುರುತೆಂದು ಓದಿದೆ. ವಿನ್ಯಾಸ ಬದಲಿಸಿದ ಮೇಲೆ ಶುರುವಾದ ತೊಂದರೆಯಾದರೆ ಎರಡನೆಯದೇ ಇರಬೇಕು: ಗುರುತಿನ ಸಾಲಿನಲ್ಲೇ ಗಾಢ ಬಣ್ಣದ ಅಕ್ಷರವೋ ತೆಂಗಿನಮರದ ಚಿತ್ರವೋ ಬಂದಿರುತ್ತದೆ. ಕಣ್ಣನ್ನು ಒರೆಸಿ, ಸೂಕ್ಷ್ಮತೆ ಹೊಂದಿಸಿ, ಆಗದಿದ್ದರೆ ಮುದ್ರಣದವನಿಗೆ ಹೇಳಿ.

ಅಂಚಿನಲ್ಲಿ ಕೂದಲೆಳೆಯಂತಹ ಪ್ಲಾಸ್ಟಿಕ್ ನಾರು ಕಂಡರೆ ಬ್ಲೇಡ್ ಮೊಂಡು. ಅದರ ದಾರಿ ಬದಲಾವಣೆ ಮಾತ್ರ, ಮಸೆಯುವುದಲ್ಲ. ಬ್ಲೇಡ್ ತೆಗೆಯುವಾಗ ಸ್ವಿಚ್ ಆರಿಸಿದರೆ ಸಾಲದು, ಗಾಳಿಯ ಒತ್ತಡದಿಂದ ನಡೆಯುವ ಯಂತ್ರವಾದರೆ ಗಾಳಿಯನ್ನೂ ಹೊರಬಿಡಬೇಕು. ವಿದ್ಯುತ್ ಹೋದ ಮೇಲೂ ಸಿಲಿಂಡರಿನಲ್ಲಿ ಉಳಿದ ಗಾಳಿ ಬ್ಲೇಡನ್ನು ಒಮ್ಮೆ ಹೊಡೆಸಬಲ್ಲದು.

ಡಿಸೆಂಬರ್ ಜನವರಿಯ ಒಣಗಾಳಿಯ ಬೆಳಿಗ್ಗೆ ಕತ್ತರಿಸಿದ ಲೇಬಲುಗಳು ಒಂದಕ್ಕೊಂದು ಅಂಟಿಕೊಂಡು, ಕೈಯ ರೋಮ ನಿಮಿರಿಸಿದರೆ ಅದು ಸ್ಥಿರ ವಿದ್ಯುತ್. ಕತ್ತರಿಸುವಲ್ಲಿ ಅದು ಕಿರಿಕಿರಿ ಮಾತ್ರ, ಸಾಲ್ವೆಂಟ್ ಇರುವ ಸೀಮಿಂಗಿನಲ್ಲಿ ಬೆಂಕಿಗೆ ಕಾರಣ. ಯಂತ್ರದ ಚೌಕಟ್ಟಿನ ಅರ್ಥಿಂಗ್ ತಂತಿ ನಿಜಕ್ಕೂ ಭೂಮಿಗೆ ಮುಟ್ಟಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಅಳೆಸಿ. ಸೀಮಿಂಗ್ ಯಂತ್ರವನ್ನು ಮುಟ್ಟಿದಾಗ ಚುರುಕ್ ಎಂದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಲಿ.

ಲಕ್ಷಣ: ಕುತ್ತಿಗೆಯ ಹತ್ತಿರ ಕುಗ್ಗುತ್ತಿಲ್ಲ

ಈಗ ಟನೆಲಿಗೆ ಬಂದೆವು, ಆದರೆ ಮೊದಲು ಮತ್ತೆ ಲೆಕ್ಕ. 65 ಮಿ.ಮೀ. ದಪ್ಪದ ಬಾಟಲಿಗೆ 28 ಮಿ.ಮೀ. ಕುತ್ತಿಗೆ ಇದ್ದರೆ, 208 ಮಿ.ಮೀ. ಸುತ್ತಳತೆಯ ಸ್ಲೀವ್ ಅಲ್ಲಿ 88ಕ್ಕೆ ಇಳಿಯಬೇಕು. ಅಂದರೆ ಶೇ. 58 ಕುಗ್ಗಬೇಕು. ಪಿವಿಸಿಯ ಶಕ್ತಿ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಒಳ್ಳೆಯ ಪಿಇಟಿಜಿ ಶೇ. 75ರ ತನಕ ಹೋಗುತ್ತದೆ. ಕೆಟಲಿನ ನೀರಿನಲ್ಲಿ ಶೇ. 55 ಕುಗ್ಗಿದ ಫಿಲ್ಮನ್ನು ಟನೆಲಿನಲ್ಲಿ ಎಷ್ಟು ಬೇಯಿಸಿದರೂ 58 ಆಗದು. ಬಾಟಲಿಯ ಆಕಾರಕ್ಕೆ ಫಿಲ್ಮ್ ಆರಿಸುವುದು ಯಂತ್ರದ ಕೆಲಸವಲ್ಲ, ಖರೀದಿಯ ಕೆಲಸ. ಕುಗ್ಗಿದಲ್ಲಿ ಅಕ್ಷರಗಳ ಅಗಲ ಮಾತ್ರ ಕಡಿಮೆಯಾಗುತ್ತದೆ, ಎತ್ತರ ಹೆಚ್ಚು ಬದಲಾಗದು. ದುಂಡಗಿನ ಕನ್ನಡ, ಮಲಯಾಳ ಅಕ್ಷರಗಳು ಕುತ್ತಿಗೆಯಲ್ಲಿ ಒತ್ತೊತ್ತಾಗಿ ನಿಂತು ಸೊನ್ನೆಯೆಲ್ಲ ಮೊಟ್ಟೆಯಾಗುತ್ತದೆ. ಬೆಲೆ, ಪರವಾನಗಿ ಸಂಖ್ಯೆ, ದಿನಾಂಕಗಳನ್ನು ಆ ಭಾಗಕ್ಕೆ ಹಾಕಲೇಬೇಡಿ.

ಫಿಲ್ಮ್ ಸರಿಯಿದ್ದೂ ಸಾಲದೆ ಬಂದರೆ ಶಾಖ ಕಡಿಮೆಯಾಗಿದೆ. ಎಷ್ಟು ಗಂಟೆಗೆ ಕಡಿಮೆಯಾಗುತ್ತದೆ ಎಂದು ಗಮನಿಸಿ. ಸಂಜೆ 6ರಿಂದ 10ರ ನಡುವೆ ಮಾತ್ರ ಎಂದಾದರೆ ವೋಲ್ಟೇಜ್ ಅಳೆಯಿರಿ. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230 ಇರಬೇಕಾದಲ್ಲಿ 190 ಬಂದರೆ ಶಾಖದ ಸುಮಾರು ಮೂರನೇ ಒಂದು ಭಾಗ ಹೋಯಿತು. ಮಳೆಗಾಲದಲ್ಲಿ ಮೂರು ಫೇಸಿನಲ್ಲಿ ಒಂದು ಹೋದರೂ ಟನೆಲಿನ ಒಂದು ವಲಯ ತಣ್ಣಗಿರುತ್ತದೆ, ಮೋಟರು ಗುಂಯ್‌ಗುಡುತ್ತದೆ; ಆಗ ತಕ್ಷಣ ಮುಖ್ಯ ಸ್ವಿಚ್ ಆರಿಸಿ, ಇಲ್ಲದಿದ್ದರೆ ಮೋಟರಿನ ಸುರುಳಿ ಸುಡುತ್ತದೆ. ಪ್ಯಾನೆಲ್ ಬಾಗಿಲು ತೆರೆದು ಫ್ಯೂಸ್, ಕಂಟ್ಯಾಕ್ಟರ್ ನೋಡುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೆಲಸ.

ಪರದೆಯಲ್ಲಿ ತಾಪಮಾನ ಸರಿ ತೋರಿಸಿಯೂ ಲೇಬಲ್ ಸುಟ್ಟು ತೂತಾಗುತ್ತಿದ್ದರೆ ಶಾಖ ಅಳೆಯುವ ಥರ್ಮೋಕಪಲ್ ತನ್ನ ಜಾಗದಿಂದ ಕಳಚಿ ಹೊರಗಿನ ಗಾಳಿಯನ್ನು ಅಳೆಯುತ್ತಿದೆ. ಅದು ತಣ್ಣಗಿದೆ ಎಂದು ಹೇಳಿದಷ್ಟೂ ಹೀಟರ್ ಉರಿಯುತ್ತದೆ. ಟನೆಲ್ ಆರಿಸಿ, ಪೂರ್ತಿ ತಣಿಯಲು ಬಿಟ್ಟು, ತುದಿ ತನ್ನ ಸ್ಥಾನದಲ್ಲಿದೆಯೇ ನೋಡಿ.

ಲಕ್ಷಣ: ಸುಕ್ಕು, ಓರೆ, ಕೆಳಅಂಚು ಮೇಲೆ ಸರಿದದ್ದು

ಬಾಟಲಿಯನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿ. ಸುಕ್ಕು ಯಾವಾಗಲೂ ಕನ್ವೇಯರಿನ ಒಂದೇ ಬದಿಗೆ ಬೀಳುತ್ತಿದ್ದರೆ ಆ ಬದಿಯ ಹಬೆಯ ಅಥವಾ ಬಿಸಿಗಾಳಿಯ ರಂಧ್ರಗಳು ಕಟ್ಟಿವೆ. ಸುತ್ತಲೂ ಒಂದೇ ಸಮ ಸುಕ್ಕಿದ್ದರೆ ಬಿಸಿ ಒಮ್ಮೆಲೇ ಹೆಚ್ಚಾಗಿ ಬಿದ್ದಿದೆ: ಮೊದಲ ವಲಯದ ತಾಪ ಇಳಿಸಿ, ಕನ್ವೇಯರಿನ ವೇಗ ತಗ್ಗಿಸಿ, ನಿಧಾನವಾಗಿ ಕುಗ್ಗಲು ಬಿಡಿ. ಹಬೆಯ ಟನೆಲಿನಲ್ಲಿ ಒಳಗಿನ ಬಿಸಿ ಹೆಚ್ಚಾಗಿ 75ರಿಂದ 95 ಡಿಗ್ರಿಯೊಳಗೆ ಇರುತ್ತದೆ. ಬಿಸಿಗಾಳಿಯದ್ದಕ್ಕೆ ಇದಕ್ಕಿಂತ ಬಹಳ ಹೆಚ್ಚು ಬೇಕು, ಏಕೆಂದರೆ ಗಾಳಿ ಹಬೆಯಷ್ಟು ಶಾಖವನ್ನು ದಾಟಿಸುವುದಿಲ್ಲ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಕಬೇಡಿ.

ಕೆಳಅಂಚು ನಡುವಿನಲ್ಲಿ ಮೇಲೇರಿ ಕಮಾನಿನಂತೆ ಬಂದರೆ ಕುಗ್ಗುವ ಕ್ರಮ ತಪ್ಪಿದೆ. ಮೊದಲು ಕೆಳಭಾಗ ಬಾಟಲಿಯನ್ನು ಹಿಡಿದುಕೊಳ್ಳಬೇಕು, ಆಮೇಲೆ ಹೊಟ್ಟೆ, ಕೊನೆಗೆ ಕುತ್ತಿಗೆ. ಮೊದಲ ವಲಯದ ನಳಿಗೆಗಳನ್ನು ಕೆಳಕ್ಕೆ ತಿರುಗಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

ತೆಂಗಿನೆಣ್ಣೆಯವರಿಗೆ ಒಂದು ವಿಶೇಷ ಮಾತು. ಲೇಬಲ್ ಓರೆಯಾಗಿ ಕೂರುತ್ತದೆ, ತಿರುಗುತ್ತದೆ ಎಂಬ ದೂರಿಗೆ ಕಾರಣ ಬಾಟಲಿಯ ಹೆಗಲಿನ ಮೇಲೆ ಬಿದ್ದ ಎಣ್ಣೆಯ ಹನಿ. ಟಿಶ್ಯೂ ಕಾಗದವನ್ನು ಬಾಟಲಿಗೆ ಒತ್ತಿ ಬೆಳಕಿಗೆ ಹಿಡಿಯಿರಿ. ಪಾರದರ್ಶಕ ಕಲೆ ಕಂಡರೆ ದೋಷ ತುಂಬಿಸುವ ನಳಿಗೆಯಲ್ಲಿದೆ. ಶೀತಲೀಕರಿಸಿದ ಪಾನೀಯದವರಿಗೆ ಇದರ ಇನ್ನೊಂದು ರೂಪ: ತಣ್ಣನೆಯ ಬಾಟಲಿಯ ಮೈಮೇಲೆ ನೀರ ಹನಿ ಕೂತು, ಸ್ಲೀವಿನ ಒಳಗೆ ಸಿಕ್ಕಿ, ಟನೆಲಿನಲ್ಲಿ ಬಿಸಿಯಾಗಿ ಗುಳ್ಳೆ ಏಳುತ್ತದೆ. ತಣ್ಣಗಿನ ಬಾಟಲಿ ಶಾಖವನ್ನೂ ಹೀರುತ್ತದೆ. ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಇಟ್ಟು, ಮೈ ಒಣಗಿದ ಮೇಲೆ ಸ್ಲೀವ್ ಹಾಕಿ. ಖಾಲಿ ಪಿಇಟಿ ಬಾಟಲಿಗೆ ಸ್ಲೀವ್ ಹಾಕುವವರು ನೆನಪಿಡಬೇಕಾದದ್ದು: 70 ಡಿಗ್ರಿ ದಾಟಿದರೆ ಬಾಟಲಿಯೇ ಮೆತ್ತಗಾಗಿ ಸೊಂಟ ಬಾಗಿಸುತ್ತದೆ. ತುಂಬಿದ ಬಾಟಲಿಗೆ ಆ ಭಯ ಕಡಿಮೆ.

ಹಬೆಯ ಟನೆಲಿನಿಂದ ಬಾಟಲಿ ಚುಕ್ಕೆ ಚುಕ್ಕೆಯಾಗಿ ಒದ್ದೆಯಾಗಿ ಬಂದರೆ ಹಬೆಯಲ್ಲಿ ನೀರು ಸೇರಿದೆ. ಹಬೆ ಕೊಳವೆಯ ತಗ್ಗಿನಲ್ಲಿರುವ ಸ್ಟೀಮ್ ಟ್ರ್ಯಾಪ್ (ಹಬೆಯಲ್ಲಿ ಸೇರಿದ ನೀರನ್ನು ಹೊರಹಾಕುವ ಕವಾಟ) ಕೆಲಸ ಮಾಡುತ್ತಿಲ್ಲ ಎಂದುಕೊಳ್ಳಿ. ಒಣಗಿದ ಮೇಲೆ ಚುಕ್ಕೆಗಳು ಬಿಳಿ ಪುಡಿಯಾಗಿ ಉಳಿದರೆ ನೀರಿನಲ್ಲೇ ಉಪ್ಪಿದೆ. ಬೇಸಗೆಯಲ್ಲಿ ಚಂದ್ರಗಿರಿ ಹೊಳೆಗೆ ಸಮುದ್ರದ ನೀರು ಏರುವುದು ಕಾಸರಗೋಡಿನವರಿಗೆ ಹೊಸತಲ್ಲ. ಕರಾವಳಿಯ ಬಾವಿಗಳದ್ದೂ ಅದೇ ಕಥೆ. ಆ ತಿಂಗಳುಗಳಲ್ಲಿ ಬಾಯ್ಲರಿಗೆ ಹಾಕುವ ನೀರನ್ನು ಪರೀಕ್ಷಿಸಿ, ಉಪ್ಪಿನಂಶ ತೆಗೆದು ಹಾಕಬೇಕು. ಇದಕ್ಕಿಂತ ಮುಂದೆ ಹೋಗಬೇಡಿ: ಬಾಯ್ಲರಿನ ಸುರಕ್ಷಾ ಕವಾಟ ಹಬೆ ಕಾರುತ್ತಿದ್ದರೆ, ನೀರಿನ ಮಟ್ಟ ತೋರಿಸುವ ಗಾಜು ಖಾಲಿಯಾಗಿದ್ದರೆ, ಶಾಖ ಆರಿಸಿ ದೂರ ನಿಂತು ಅಧಿಕೃತ ತಂತ್ರಜ್ಞರನ್ನು ಕರೆಯಿರಿ. ಬರಿದಾದ ಬಿಸಿ ಬಾಯ್ಲರಿಗೆ ತಣ್ಣೀರು ಬಿಡುವುದು, ಕವಾಟಕ್ಕೆ ಭಾರ ಕಟ್ಟಿ ಮುಚ್ಚುವುದು, ಎರಡೂ ಜೀವ ತೆಗೆಯುತ್ತವೆ.

ತಂತ್ರಜ್ಞರಿಗೆ ಫೋನ್ ಮಾಡುವಾಗ

ಸಾಲ್ವೆಂಟ್ ಸೋರಿಕೆ, ಸುಟ್ಟ ವಾಸನೆ, ಮುಟ್ಟಿದರೆ ಹೊಡೆಯುವ ಯಂತ್ರ, ತಲೆ ಸುತ್ತುವ ಕೆಲಸಗಾರ, ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ವಾಸನೆ ತುಂಬಿದ ಕೋಣೆಯ ಒಳಗಿನ ಸ್ವಿಚ್ ಮುಟ್ಟಬೇಡಿ, ಹೊರಗಿನ ಮುಖ್ಯ ಸ್ವಿಚ್ ಆರಿಸಿ. ಬೆಂಕಿಯಾದರೆ 112ಕ್ಕೆ ಕರೆ ಮಾಡಿ. ಸಾಲ್ವೆಂಟ್ ಬೆಂಕಿಗೆ ಕೊಡದಿಂದ ನೀರು ಎರಚಿದರೆ ಅದು ಹರಡುತ್ತದೆ, ಒಣಪುಡಿಯ ಅಥವಾ ಇಂಗಾಲದ ಡೈಆಕ್ಸೈಡಿನ ಉಪಕರಣ ಬೇಕು.

ಅಂತಹ ತುರ್ತು ಇಲ್ಲದಿದ್ದರೆ, ಮಂಗಳೂರಿನಿಂದಲೋ ಕೊಯಮತ್ತೂರಿನಿಂದಲೋ ಬರುವ ತಂತ್ರಜ್ಞರ ಒಂದು ಪ್ರಯಾಣವನ್ನು ಉಳಿಸಬಹುದು. "ಲೇಬಲ್ ಸರಿ ಬರುತ್ತಿಲ್ಲ" ಎಂದು ಹೇಳಿದರೆ ಅವರು ಎಲ್ಲ ಭಾಗಗಳನ್ನೂ ಹೊತ್ತು ತರಬೇಕು, ಅಥವಾ ಬರೇ ಕೈಯಲ್ಲಿ ಬಂದು ನೋಡಿ ಹಿಂದೆ ಹೋಗಬೇಕು. ರೋಲಿನ ತಿರುಳಿನೊಳಗಿನ ಬ್ಯಾಚ್ ಚೀಟಿಯ ಚಿತ್ರ, ಮೂರು ಕಡೆಯ ಚಪ್ಪಟೆ ಅಗಲ, ಕೆಟಲ್ ಪರೀಕ್ಷೆಯ ಫಲ, ಬಿಟ್ಟ ಸೀಮಿನ ಹತ್ತಿರದ ಚಿತ್ರ, ಟನೆಲಿನ ಪ್ರತಿ ವಲಯದ ತಾಪ, ಆಗಿನ ವೋಲ್ಟೇಜ್, ಇಷ್ಟನ್ನು ಮೊದಲೇ ಕಳುಹಿಸಿ. ಕೆಟ್ಟ ಲೇಬಲುಗಳನ್ನು ಗುಡಿಸಿ ಎಸೆಯಬೇಡಿ. ದಿನಾಂಕ, ಗಂಟೆ ಬರೆದ ಲಕೋಟೆಯಲ್ಲಿ ಹಾಕಿಟ್ಟು, ತಂತ್ರಜ್ಞರು ಬಂದಾಗ ಯಂತ್ರದ ಬಾಗಿಲು ತೆರೆಯುವ ಮೊದಲು ಅದನ್ನು ಅವರ ಕೈಗೆ ಕೊಡಿ.